ಬಲೂನು ಒಡೆಯುವಷ್ಟು ಗಾಳಿ

ವಡಪಳನಿ ಎಂಬ ಹೆಸರನ್ನು ನಾನು ಮೊದಲು ಓದಿದ್ದು ‘ಚಂದಮಾಮ’ದಲ್ಲಿ. ಬೇತಾಳ ಮತ್ತೆ ಮರ ಹತ್ತಿ, ಕಥೆಗಳೆಲ್ಲ ಮುಗಿದ ಮೇಲೆ ಪುಟದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಚಂದಮಾಮ ಬಿಲ್ಡಿಂಗ್ಸ್, ವಡಪಳನಿ, ಮದ್ರಾಸ್ ಎಂಬ ವಿಳಾಸ ಇರುತ್ತಿತ್ತು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಕೂತು ಓದುವವನಿಗೆ ಅದೂ ಕಥೆಯೊಳಗಿನ ಒಂದು ಊರೇ ಆಗಿತ್ತು. ಈಗ ಆರು ವರ್ಷದಿಂದ ಅದೇ ವಡಪಳನಿಯಲ್ಲಿ ಬಾಡಿಗೆಗಿದ್ದೇನೆ. ಚಂದಮಾಮ ನಿಂತುಹೋಗಿದೆ. ಅದನ್ನು ಹೊರತರುತ್ತಿದ್ದ ಬಿ. ನಾಗಿರೆಡ್ಡಿಯವರ ವಿಜಯಾ-ವಾಹಿನಿ ಸ್ಟುಡಿಯೋ ಇದ್ದ ಜಾಗದಲ್ಲಿ ಮಾಲ್ ಎದ್ದಿದೆ. ಮುರುಗನ ಗುಡಿ ಮಾತ್ರ ಹಾಗೇ ಇದೆ, ಮುಹೂರ್ತದ ದಿನ ಬಂತೆಂದರೆ ಅದರ ಸುತ್ತಲಿನ ಬೀದಿಗಳಲ್ಲಿ ಮದುವೆ ಗುಂಪುಗಳ ನಡುವೆ ದಾರಿ ಮಾಡಿಕೊಂಡು ಆಫೀಸಿಗೆ ಹೋಗಬೇಕು.

ಕಳೆದ ವರ್ಷ ಒಂದು ಭಾನುವಾರ ಕೆಟ್ಟ ಯುಪಿಎಸ್ ಬ್ಯಾಟರಿಯೊಂದನ್ನು ಮಾರಲು ಆರ್ಕಾಟ್ ರಸ್ತೆಯ ಒಳಗಲ್ಲಿಯೊಂದರ ಗುಜರಿ ಅಂಗಡಿಗೆ ಹೋಗಿದ್ದೆ. ಕಬ್ಬಿಣದ ಸರಳು, ಫ್ಯಾನಿನ ರೆಕ್ಕೆ, ಕಿಟಕಿಯ ಗ್ರಿಲ್ಲುಗಳ ರಾಶಿಯ ಪಕ್ಕದಲ್ಲಿ ಒಂದು ಏರ್‌ಗನ್ ಗೋಡೆಗೊರಗಿತ್ತು. ತುಕ್ಕು ಹಿಡಿದ ನಳಿಗೆ, ನಡುವೆ ಬಿರುಕು ಬಿಟ್ಟು ತಂತಿ ಸುತ್ತಿದ ಮರದ ಹಿಡಿ. ಮರೀನಾ ಬೀಚಿನಲ್ಲಿ ಬಲೂನು ಅಂಗಡಿ ಇಟ್ಟುಕೊಂಡಿದ್ದವರು ತೂಕಕ್ಕೆ ಹಾಕಿ ಹೋದರು ಎಂದ ಅಂಗಡಿಯವ. ನೀವು ಮರೀನಾಕ್ಕೆ ಹೋಗಿದ್ದರೆ ಈ ಅಂಗಡಿಗಳನ್ನು ನೋಡೇ ಇರುತ್ತೀರಿ. ಹಲಗೆಗೆ ಸಾಲಾಗಿ ಕಟ್ಟಿದ ಬಣ್ಣದ ಬಲೂನುಗಳು, ಎದುರಿಗೆ ಎರಡು ಮೂರು ಬಂದೂಕು, ಪಕ್ಕದಲ್ಲಿ ಸುಂಡಲ್ ಮಾರುವವನು. ನಮ್ಮ ಜಾತ್ರೆಗಳಲ್ಲೂ ಇದೇ ಆಟ. ಆರುನೂರು ರೂಪಾಯಿಗೆ ಮಾತು ಮುಗಿಯಿತು. ಯಾರಿಂದ ಯಾರಿಗೆ, ಎಷ್ಟಕ್ಕೆ ಎಂದು ಒಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡೆ. ಗೋಣಿಚೀಲದಲ್ಲಿ ಸುತ್ತಿ ಮನೆಗೆ ತರುವಾಗ ಮನೆ ಓನರಮ್ಮ ಮೆಟ್ಟಿಲ ಮೇಲೆ ಸಿಗಬಾರದು ಎಂದು ವಡಪಳನಿಯ ಆಂಡವನನ್ನೇ ಬೇಡಿಕೊಂಡೆ. ಅವರು ಸಿಕ್ಕಿದರು. ಅದು ಬೇರೆ ಕಥೆ.

ಊರಿಗೆ ಫೋನು ಮಾಡಿ ಹೇಳಿದಾಗ ಅಮ್ಮನಿಗಿಂತ ಮಾವನಿಗೆ ಹೆಚ್ಚು ಖುಷಿಯಾಯಿತು. “ರಿಪೇರಿ ಮಾಡಿಸಿ ಇಲ್ಲಿಗೆ ತಗಂಬಾ ಮಾರಾಯ. ಸ್ವಲ್ಪ ಜೋರಾಗಿರೋ ಸ್ಪ್ರಿಂಗ್ ಹಾಕ್ಸು. ಮಂಗಗಳ ಕಾಟ ತಡೆಯಕ್ಕಾಗ್ತಿಲ್ಲ.”

ಮಲೆನಾಡಿನಲ್ಲಿ ಕೋವಿ ಇರುವ ಮನೆ, ಇಲ್ಲದ ಮನೆ ಎಂದು ಎರಡು ಬಗೆ. ಕೋವಿಗೆ ಲೈಸೆನ್ಸ್ ಬೇಕು, ಲೈಸೆನ್ಸಿಗೆ ತೋಟದ ಪಹಣಿ ಬೇಕು, ಪೊಲೀಸ್ ಠಾಣೆಯಿಂದ ಡಿ.ಸಿ. ಆಫೀಸಿನ ತನಕ ಓಡಾಡುವ ಕಾಲು ಬೇಕು. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳೆಲ್ಲ ಠಾಣೆ ಸೇರುತ್ತಿದ್ದವು. ಆಗ ಮನೆಯಲ್ಲಿ ಉಳಿಯುತ್ತಿದ್ದುದು ಏರ್‌ಗನ್ ಒಂದೇ. ಅದನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಬಂದೂಕಿನಂತೆ ಕಾಣುವ, ಆದರೆ ಕಾನೂನಿನ ಕಣ್ಣಿಗೆ ಬಂದೂಕಲ್ಲದ ಈ ವಸ್ತು ಎಲ್ಲಿಂದ ಬಂತು ಎಂದು ನನಗೆ ಆಗ ಹೊಳೆದಿರಲಿಲ್ಲ. ವಡಪಳನಿಯಲ್ಲಿ ಅದನ್ನು ಬಿಚ್ಚಿ ಹರಡಿಕೊಂಡಾಗ ಹೊಳೆಯಿತು.

ಬಿಚ್ಚಿದ್ದು ನಾನಲ್ಲ. ಯೂಟ್ಯೂಬ್ ನೋಡಿ ಸ್ಕ್ರೂಡ್ರೈವರ್ ಹಿಡಿದಿದ್ದೆ, ಅಷ್ಟರಲ್ಲಿ ಒಳಗಿನ ಸ್ಪ್ರಿಂಗು ಸಡಿಲಿಸದ ಸ್ಥಿತಿಯಲ್ಲೂ ಒತ್ತಿಕೊಂಡೇ ಇರುತ್ತದೆ, ಹಿಂದಿನ ಬಿರಡೆ ತೆಗೆದ ಕ್ಷಣ ಅದು ಎದೆಗೋ ಹಲ್ಲಿಗೋ ಹಾರುತ್ತದೆ ಎಂದು ತಿಳಿದು ಹಿಂಜರಿದೆ. ಸಾಲಿಗ್ರಾಮದ ಕಡೆ ಹೋಗುವ ರಸ್ತೆಯಲ್ಲಿ ಒಂದು ಲೇತ್ ಅಂಗಡಿಯಿದೆ. ಎಪ್ಪತ್ತು ದಾಟಿದ ಅಯ್ಯಾ ಒಬ್ಬರು ಅದರ ಮಾಲೀಕರು, ಕೆಲಸಗಾರರೂ ಅವರೇ. ಒಂದು ಕಾಲದಲ್ಲಿ ಸ್ಟುಡಿಯೋಗಳ ಟ್ರಾಲಿ ಗಾಲಿ, ಲೈಟ್ ಸ್ಟ್ಯಾಂಡುಗಳೇ ಅವರ ಹೊಟ್ಟೆಪಾಡು. ನಾನು ಬೆಂಗಳೂರಿನವನಲ್ಲ, ಆದರೆ ಕನ್ನಡದವನು ಎಂದಾಗ ರಾಜ್‌ಕುಮಾರ್ ಎಂದರು. ಕನ್ನಡ ಸಿನಿಮಾ ದಶಕಗಳ ಕಾಲ ಈ ಸುತ್ತಿನ ಎರಡು ಮೂರು ಮೈಲಿಯೊಳಗೇ ತಯಾರಾಗುತ್ತಿತ್ತು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ, 1954ರ ‘ಬೇಡರ ಕಣ್ಣಪ್ಪ’, ಇಲ್ಲಿನ ಎ.ವಿ.ಎಂ. ಜೊತೆಗೂಡಿ ತಯಾರಾದದ್ದು. ಬೇಟೆಗಾರನ ಕಥೆ. ಅಯ್ಯಾ ಅದನ್ನು ನೆನಪಿಸಿಕೊಳ್ಳುತ್ತಲೇ ನನ್ನ ಬಂದೂಕಿನ ನಳಿಗೆ ಮುರಿದು (ಮುರಿದು ಅಂದರೆ ಕೀಲಿನಲ್ಲಿ ಬಗ್ಗಿಸಿ) ಹೆಬ್ಬೆರಳಿಂದ ಅದರ ಬಾಯಿ ಸವರಿದರು. “ಸಾಯಲಿಲ್ಲ ತಂಬಿ, ಉಸಿರು ಕಟ್ಟಿದೆ ಅಷ್ಟೆ.”

ಬಡಗಿಗಳ ಕ್ಲಾಂಪಿನಲ್ಲಿ ಬಂದೂಕನ್ನು ಉದ್ದಕ್ಕೆ ಸಿಕ್ಕಿಸಿ, ಸ್ಕ್ರೂ ಒಂದೊಂದೇ ಸುತ್ತು ಬಿಡುತ್ತ ಸ್ಪ್ರಿಂಗನ್ನು ಹೊರತೆಗೆದರು. ಅದು ಬಾಳೆಕಾಯಿಯಂತೆ ಬಾಗಿತ್ತು. ಪಿಸ್ಟನ್ನಿನ ತಲೆಯಲ್ಲಿ ಒಣಗಿ ಕರಕಲಾದ ಒಂದು ಚಿಕ್ಕ ತೊಗಲಿನ ಬಟ್ಟಲು. ಅದನ್ನು ಬೆರಳಲ್ಲಿ ಹಿಡಿದರೆ ಹಪ್ಪಳದಂತೆ ಮುರಿಯಿತು.

ಈ ಬಟ್ಟಲಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಇಡೀ ಬಂದೂಕೆಂದರೆ ಇದೇ. ಏರ್‌ಗನ್ನಿನಲ್ಲಿ ಮದ್ದಿಲ್ಲ. ನಳಿಗೆ ಬಗ್ಗಿಸಿದಾಗ ಸ್ಪ್ರಿಂಗು ಹಿಂದಕ್ಕೆ ಒತ್ತಿ ನಿಲ್ಲುತ್ತದೆ. ಟ್ರಿಗರ್ ಎಳೆದರೆ ಪಿಸ್ಟನ್ ಮುಂದಕ್ಕೆ ನುಗ್ಗಿ ಎದುರಿನ ಗಾಳಿಯನ್ನು ಹಿಂಡುತ್ತದೆ. ಹಿಂಡಿದ ಗಾಳಿ ಒಂದು ಸಣ್ಣ ತೂತಿನಿಂದ ಹಾದು ಪೆಲೆಟ್ಟನ್ನು ದೂಡುತ್ತದೆ. ಎಲ್ಲ ಮುಗಿಯಲು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ಆ ಹೊತ್ತಿನಲ್ಲಿ ಗಾಳಿ ಹಿಂದಕ್ಕೆ ಸೋರದಂತೆ ತಡೆಯುವುದೇ ಬಟ್ಟಲಿನ ಕೆಲಸ. ಒತ್ತಡ ಬಂದಾಗ ಅದರ ಅಂಚು ಅರಳಿ ಕೊಳವೆಯ ಗೋಡೆಗೆ ಅಂಟುತ್ತದೆ. ಸೈಕಲ್ ಪಂಪಿನಲ್ಲಿ, ಸೀಮೆಎಣ್ಣೆ ಸ್ಟೌವಿನ ಪಂಪಿನಲ್ಲಿ ಇರುವುದೂ ಇದರ ತಮ್ಮನೇ.

ಅಣ್ಣನನ್ನೂ ನೀವು ಬಲ್ಲಿರಿ. ಊರ ಶಾಲೆಯ ಮುಂದೆ, ಬಸ್‌ಸ್ಟ್ಯಾಂಡಿನ ಪಕ್ಕ ಇರುತ್ತಿದ್ದ ಕೈಪಂಪು, ನಾವು ಬೋರ್‌ವೆಲ್ ಎಂದೇ ಕರೆಯುತ್ತಿದ್ದೆವಲ್ಲ, ಅದರ ಹೆಸರು ಇಂಡಿಯಾ ಮಾರ್ಕ್ 2. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡ ಆ ಪಂಪನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ತಯಾರಿಸಿದ್ದು ಇದೇ ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆ. ನೆಲದಾಳದಲ್ಲಿ ನೀರನ್ನು ಹಿಡಿದೆತ್ತುತ್ತಿದ್ದುದು ತೊಗಲಿನ ಬಟ್ಟಲುಗಳೇ. ಅವು ಸವೆದರೆ ಪೈಪೆಲ್ಲ ಎಳೆದು ಬದಲಿಸಬೇಕಿತ್ತು. ಕೊನೆಗೆ ನೈಟ್ರೈಲ್ ರಬ್ಬರು ಬಂದು ತೊಗಲನ್ನು ಓಡಿಸಿತು. ಅಯ್ಯಾ ಹಳೆಯ ಡಬ್ಬವೊಂದನ್ನು ತಡಕಿ ಪಂಪಿನ ತೊಗಲಿನ ವಾಷರ್ ತೆಗೆದರು. “ಪೆರಿಯಮೇಡಿನ ತೊಗಲು” ಎಂದರು. ಸೆಂಟ್ರಲ್ ಸ್ಟೇಷನ್ ಹಿಂದಿನ ಪೆರಿಯಮೇಡು ಈ ಊರಿನ ತೊಗಲು ಪೇಟೆ. ವಾಷರಿನ ಬೆಲೆ ಇಪ್ಪತ್ತು ರೂಪಾಯಿ. ಅದನ್ನು ಎರಡು ದಿನ ಎಣ್ಣೆಯಲ್ಲಿ ನೆನೆಹಾಕಿ, ಲೇತಿನಲ್ಲಿ ಅಂಚು ಕೆರೆದು ಅಳತೆಗೆ ತರಬೇಕು.

ಆ ಎರಡು ದಿನ ನನಗೆ ಓದಲು ಸಿಕ್ಕಿತು.

ಗಾಳಿಯ ಬಂದೂಕು ಆಟಿಕೆಯಾಗಿ ಹುಟ್ಟಿದ್ದಲ್ಲ. ಟೈರೋಲ್ ಪ್ರಾಂತ್ಯದ ಬಾರ್ತೊಲೊಮಿಯೊ ಜಿರಾರ್ಡೋನಿ ಎಂಬ ಬಂದೂಕುಗಾರ ರೂಪಿಸಿದ ಗಾಳಿ ಬಂದೂಕನ್ನು 1780ರಲ್ಲಿ ಆಸ್ಟ್ರಿಯಾದ ಸೈನ್ಯವೇ ಸೇರಿಸಿಕೊಂಡಿತ್ತು. ಅದರಲ್ಲಿ ಸ್ಪ್ರಿಂಗಿರಲಿಲ್ಲ. ಹಿಂದಿನ ಹಿಡಿಯೇ ಟೊಳ್ಳಾದ ಕಬ್ಬಿಣದ ಬುರುಡೆ, ಅದಕ್ಕೆ ಪಂಪಿನಿಂದ ಗಾಳಿ ತುಂಬಿಸಬೇಕು. ಒಂದು ಬುರುಡೆ ತುಂಬಲು ಸುಮಾರು 1500 ಸಲ ಪಂಪು ಹೊಡೆಯಬೇಕಿತ್ತಂತೆ. ಆದರೆ ತುಂಬಿದ ಮೇಲೆ ಇಪ್ಪತ್ತರಷ್ಟು ಗುಂಡುಗಳನ್ನು ಒಂದರ ಹಿಂದೊಂದು ಹಾರಿಸಬಹುದಿತ್ತು. ಒಂದು ಗುಂಡು ಹೊಡೆದು ಮದ್ದು ತುರುಕುತ್ತ ನಿಲ್ಲುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹೊಗೆಯಿಲ್ಲ, ಮಳೆಯಲ್ಲಿ ಮದ್ದು ನೆನೆಯುವ ಭಯವಿಲ್ಲ. ಅಮೆರಿಕದ ಪಶ್ಚಿಮಕ್ಕೆ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ 1803ರಲ್ಲಿ ಇಂಥದ್ದೊಂದು ಗಾಳಿ ಬಂದೂಕನ್ನು ಜೊತೆಗೊಯ್ದರು, ದಾರಿಯಲ್ಲಿ ಸಿಕ್ಕ ಮೂಲನಿವಾಸಿಗಳ ಮುಂದೆ ಬೆರಗು ಹುಟ್ಟಿಸಲು ಅದನ್ನು ಹಾರಿಸಿ ತೋರಿಸುತ್ತಿದ್ದರು. ಸೈನ್ಯಕ್ಕೆ ಮಾತ್ರ ಅದು ಒಗ್ಗಲಿಲ್ಲ. ಬುರುಡೆ ಸೋರುತ್ತಿತ್ತು, ದುರಸ್ತಿಗೆ ಕುಶಲ ಕೈ ಬೇಕಿತ್ತು. ಯುದ್ಧಭೂಮಿಯಲ್ಲಿ ನಮ್ಮ ಅಯ್ಯಾನಂಥವರು ಎಲ್ಲಿ ಸಿಗುತ್ತಾರೆ?

ಇಂದಿನ ಒಲಿಂಪಿಕ್ಸಿನ ಏರ್‌ರೈಫಲ್ಲುಗಳು ಮತ್ತೆ ಜಿರಾರ್ಡೋನಿಯ ದಾರಿಗೇ ಮರಳಿವೆ ಎನ್ನುವುದು ಓದುತ್ತ ಸಿಕ್ಕ ತಮಾಷೆ. ಅವುಗಳಲ್ಲಿ ಸ್ಪ್ರಿಂಗಿಲ್ಲ, ನಳಿಗೆಯ ಕೆಳಗೆ ಮೊದಲೇ ಗಾಳಿ ತುಂಬಿದ ಸಿಲಿಂಡರ್. ಹತ್ತು ಮೀಟರ್ ದೂರದ ಗುರಿಯ ನಟ್ಟನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ. ಅಭಿನವ್ ಬಿಂದ್ರಾ 2008ರ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು, 2012ರ ಲಂಡನ್ನಿನಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದು ಈ ಚುಕ್ಕೆಯ ಮೇಲೆ. ನಾರಂಗ್ ಹುಟ್ಟಿದ್ದು ಚೆನ್ನೈಯಲ್ಲೇ. ಆ ರೈಫಲ್ಲುಗಳ ಬೆಲೆ ಲಕ್ಷಗಳಲ್ಲಿ. ನನ್ನದು ಆರುನೂರು.

ನಮ್ಮ ಕೈಗೆ ಬಂದ ಸ್ಪ್ರಿಂಗಿನ ಏರ್‌ಗನ್ ಬೇರೆ ಮನೆತನದ್ದು. ಅದರಲ್ಲಿ ಒಂದು ಕವಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನದು. ಲಿಂಕನ್ ಜೆಫ್ರೀಸ್ ಎಂಬ ಬಂದೂಕುಗಾರ 1904ರಲ್ಲಿ ಪಡೆದ ಪೇಟೆಂಟಿನ ಮೇಲೆ ಬಿ.ಎಸ್.ಎ. ಕಂಪನಿ ಏರ್‌ರೈಫಲ್ ತಯಾರಿಸತೊಡಗಿತು. ಬಿ.ಎಸ್.ಎ. ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, 1861ರಲ್ಲಿ ಹುಟ್ಟಿದ ಬಂದೂಕಿನ ಕಂಪನಿ. ಸೈನ್ಯದ ಆರ್ಡರು ಇಲ್ಲದ ವರ್ಷಗಳಲ್ಲಿ ಅದೇ ಯಂತ್ರಗಳಲ್ಲಿ ಸೈಕಲ್ಲು ಮಾಡಿತು. ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕುಗಳೇ ಅದರ ಲಾಂಛನ. ಆ ಹೆಸರು ನಮ್ಮ ತನಕ ಬಂದದ್ದು ಬಂದೂಕಾಗಿ ಅಲ್ಲ, ವಡಪಳನಿಯಿಂದ ಹತ್ತಾರು ಕಿಲೋಮೀಟರ್ ದೂರದ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ಕಾರ್ಖಾನೆ ತಯಾರಿಸಿದ ಬಿ.ಎಸ್.ಎ. ಸೈಕಲ್ಲಾಗಿ. ಹೈಸ್ಕೂಲಿಗೆ ನಾನು ತುಳಿದದ್ದು ಅದನ್ನೇ. ಆ ಮೂರಕ್ಷರದ ಹಿಂದೆ ಬಂದೂಕಿದೆ ಎಂದು ಯಾರಿಗೆ ಗೊತ್ತಿತ್ತು?

ಇನ್ನೊಂದು ಕವಲು ಜರ್ಮನಿಯ ರಾಸ್ತಾಟಿನದು. ಅಲ್ಲಿ 1890ರಲ್ಲಿ ಶುರುವಾದ ಮೇಯರ್ ಅಂಡ್ ಗ್ರಾಮೆಲ್‌ಸ್ಪಾಖರ್ ಕಂಪನಿ ತನ್ನ ಏರ್‌ಗನ್ನುಗಳಿಗೆ ರೋಮನ್ನರ ಬೇಟೆದೇವಿ ಡಯಾನಾಳ ಹೆಸರಿಟ್ಟಿತು. ಮಾವನ ಮನೆಯಲ್ಲಿ ಇದ್ದದ್ದು ಒಂದು ಹಳೆ ಡಯಾನಾ. ಅದರ ಕಬ್ಬಿಣದ ಮೇಲೆ ಒತ್ತಿದ್ದ ಚಿತ್ರದಲ್ಲಿ ಹೆಂಗಸೊಬ್ಬಳು ಬಿಲ್ಲನ್ನು ಕೆಳಗೆ ಬಿಸಾಡಿ, ಬಂದೂಕನ್ನು ತಲೆಯ ಮೇಲೆತ್ತಿ ಹಿಡಿದಿದ್ದಳು. ಚಿಕ್ಕಂದಿನಲ್ಲಿ ಅವಳು ದುರ್ಗೆಯ ಯಾವುದೋ ಅವತಾರ ಎಂದುಕೊಂಡಿದ್ದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಪರಿಹಾರದ ಲೆಕ್ಕದಲ್ಲಿ ಆ ಕಾರ್ಖಾನೆಯ ಯಂತ್ರಗಳು, ಡಯಾನಾ ಎಂಬ ಹೆಸರಿನ ಸಮೇತ, ಸ್ಕಾಟ್ಲೆಂಡಿನ ಮಿಲ್‌ಬ್ರೋ ಕಂಪನಿಯ ಪಾಲಾದವು. ಜರ್ಮನ್ನರು ತಮ್ಮ ಊರಿನಲ್ಲೇ ಮತ್ತೆ ಬಂದೂಕು ಮಾಡತೊಡಗಿದಾಗ ಸ್ವಂತ ಹೆಸರನ್ನು ಬ್ರಿಟನ್ನಿನಲ್ಲಿ ಬಳಸುವಂತಿರಲಿಲ್ಲ. ಅದನ್ನು ಮರಳಿ ಕೊಂಡುಕೊಳ್ಳಲು 1980ರ ದಶಕದವರೆಗೆ ಕಾಯಬೇಕಾಯಿತು. ಯಂತ್ರ ಹೋದರೂ ಕೈಕಸುಬು ಊರಲ್ಲೇ ಉಳಿದಿತ್ತು, ಅದಕ್ಕೇ ಕಂಪನಿಯೂ ಉಳಿಯಿತು.

ಎರಡು ದಿನ ಬಿಟ್ಟು ಹೋದರೆ ಅಯ್ಯಾ ನಳಿಗೆಯ ತುಕ್ಕನ್ನು ಸೀಮೆಎಣ್ಣೆ ಹಾಕಿ ಉಪ್ಪು ತಾಳಿನಿಂದ ಉಜ್ಜುತ್ತಿದ್ದರು. ನಮ್ಮ ಬಡಗಿಗಳು ಉಪ್ಪು ಕಾಗದ ಎನ್ನುತ್ತಾರಲ್ಲ, ಅದೇ. ತುಕ್ಕು ಹೋದ ಜಾಗದಲ್ಲಿ ಮೂರು ಇಂಗ್ಲಿಷ್ ಅಕ್ಷರ ಎದ್ದವು: ಐ, ಎಚ್, ಪಿ. ನಾನು ಅದನ್ನು ಯಾವುದೋ ವಿದೇಶಿ ಕಂಪನಿ ಎಂದುಕೊಂಡೆ. ಹುಡುಕಿದಾಗ ನಗು ಬಂತು. ಇಂಡಿಯನ್ ಹ್ಯೂಮ್ ಪೈಪ್! ನಮ್ಮೂರ ರಸ್ತೆಗಳ ಮೋರಿಗೆ ಹಾಕುವ, ಹಾಕುವ ಮೊದಲು ವರ್ಷಗಟ್ಟಲೆ ರಸ್ತೆಬದಿ ಬಿದ್ದಿರುವ, ಒಳಗೆ ನುಗ್ಗಿ ನಾವು ಕೂಗಿ ಪ್ರತಿಧ್ವನಿ ಕೇಳುತ್ತಿದ್ದ ಹ್ಯೂಮ್ ಪೈಪು. ಕಾಂಕ್ರೀಟನ್ನು ಗಿರಗಿರನೆ ತಿರುಗಿಸಿ ಕೊಳವೆ ಮಾಡುವ ವಿಧಾನ ಆಸ್ಟ್ರೇಲಿಯಾದ ವಾಲ್ಟರ್ ಹ್ಯೂಮ್ 1910ರಲ್ಲಿ ಕಂಡುಹಿಡಿದದ್ದು. 1926ರಲ್ಲಿ ಅದನ್ನು ಮುಂಬಯಿಯಲ್ಲಿ ಕಂಪನಿಯಾಗಿಸಿದವರು ವಾಲ್‌ಚಂದ್ ಹೀರಾಚಂದ್. ಇದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದವರು, ಇಂದಿನ ಎಚ್.ಎ.ಎಲ್. ನೀರಿನ ಕೊಳವೆ, ರೈಲ್ವೆ ಸ್ಲೀಪರುಗಳ ಜೊತೆಗೆ ಆ ಹ್ಯೂಮ್ ಪೈಪ್ ಕಂಪನಿ ಏರ್‌ರೈಫಲ್ಲು, ಪೆಲೆಟ್ಟುಗಳನ್ನೂ ತಯಾರಿಸಿತು. ದೇಶದ ಜಾತ್ರೆಗಳಲ್ಲಿ ಎಷ್ಟು ಬಲೂನು ಈ ಮೋರಿ ಕಂಪನಿಯ ಗಾಳಿಗೆ ಒಡೆದವೋ!

ಇದಕ್ಕೆ ಇಷ್ಟು ಬೇಡಿಕೆ ಏಕಿತ್ತು ಎಂದು ಕೇಳಿಕೊಂಡರೆ ಮತ್ತೆ ಕಾನೂನಿನ ಹತ್ತಿರ ಬರಬೇಕು. 1878ರ ಶಸ್ತ್ರ ಕಾಯ್ದೆ ಬ್ರಿಟಿಷರು ಲೈಸೆನ್ಸಿನ ಮೂಲಕ ಭಾರತೀಯರ ಕೈಯಿಂದ ಬಂದೂಕು ಬಿಡಿಸಿದ ಕಾಯ್ದೆ. ಕೊಡವರಿಗೆ ಅದರಿಂದ ವಿನಾಯಿತಿ ಸಿಕ್ಕಿತು, ಸ್ವತಂತ್ರ ಭಾರತದಲ್ಲೂ ಅದು ಮುಂದುವರಿದು, 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಣೆಯಾಯಿತು. ಘಟ್ಟದ ಮೇಲೆಯೇ ಇದ್ದರೂ ನಮಗೆ ಆ ಭಾಗ್ಯವಿಲ್ಲ ಎಂದು ಮಾವ ಆಗಾಗ ಗೊಣಗುವುದುಂಟು. 1959ರ ಹೊಸ ಶಸ್ತ್ರ ಕಾಯ್ದೆ, 1962ರ ಅದರ ನಿಯಮಗಳು ಬಂದಾಗ ಗಾಳಿಯ ಬಂದೂಕನ್ನು ಅಳೆಯಲು ಒಂದು ಸರಳ ಉಪಾಯ ಮಾಡಲಾಯಿತು. ಒಂದು ಇಂಚು ದಪ್ಪದ ಮೆದುಮರದ ಹಲಗೆಗೆ ಗೊತ್ತುಮಾಡಿದ ದೂರದಿಂದ ಹೊಡೆಯಬೇಕು. ಗುಂಡು ಹಲಗೆ ತೂರಿ ಹೋದರೆ ಅದು ಲೈಸೆನ್ಸಿನ ಬಂದೂಕು. ತೂರದಿದ್ದರೆ ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಒಂದು ಹಲಗೆಯ ದಪ್ಪದಲ್ಲಿ ಆಟಿಕೆ ಮತ್ತು ಆಯುಧದ ಗಡಿ ನಿಂತಿತು. ಬಡಗಿಯೂ ಅರ್ಥ ಮಾಡಿಕೊಳ್ಳಬಹುದಾದ ಕಾನೂನು ನನಗೆ ತಿಳಿದಂತೆ ಇದೊಂದೇ.

2016ರ ಹೊಸ ನಿಯಮಗಳಲ್ಲಿ ಹಲಗೆ ಹೋಗಿ ಜೂಲ್ ಬಂತು. ಪೆಲೆಟ್ ಹೊರಬೀಳುವಾಗಿನ ಶಕ್ತಿ 20 ಜೂಲ್ ಮೀರಿದರೆ, ಅಥವಾ ನಳಿಗೆಯ ಒಳವ್ಯಾಸ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರಿದರೆ ಲೈಸೆನ್ಸ್ ಬೇಕು. ಅದರೊಳಗಿದ್ದರೆ ಬೇಡ, ಆದರೆ ಮಾರುವ ಡೀಲರು ಕೊಂಡವರ ಗುರುತು, ವಿಳಾಸ ಇಟ್ಟುಕೊಳ್ಳಬೇಕು. ಶಾಲೆಯ ಫಿಸಿಕ್ಸ್ ನೆನಪಿದ್ದರೆ ಲೆಕ್ಕ ಸುಲಭ. ಅರ್ಧ ಗ್ರಾಂ ಪೆಲೆಟ್ಟು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ 10 ಜೂಲ್. 20 ಜೂಲ್ ಮುಟ್ಟಬೇಕಾದರೆ ವೇಗ ಎರಡರಷ್ಟಾಗಬೇಕಿಲ್ಲ, ಸುಮಾರು 283 ಮೀಟರ್ ಸಾಕು. ಅಂದರೆ ವೇಗ ಸ್ವಲ್ಪ ಏರಿದರೂ ಪೆಟ್ಟು ಬಹಳ ಏರುತ್ತದೆ. ಮಾವ ಕೇಳಿದ ‘ಜೋರಾಗಿರೋ ಸ್ಪ್ರಿಂಗ್’ ಇರುವುದು ಈ ಲೆಕ್ಕದೊಳಗೆ.

ಅಯ್ಯಾ ಕೇಳಿದ್ದೂ ಅದನ್ನೇ. ಹೊಸ ಸ್ಪ್ರಿಂಗು ಕತ್ತರಿಸುವ ಮೊದಲು ಕೈ ನಿಲ್ಲಿಸಿ, “ಬಲ ಬೇಕಾ, ನೇರ ಬೇಕಾ?” ಎಂದರು. ಎರಡೂ ಬೇಕು ಎಂದೆ. ಅವರು ನಕ್ಕರು. ಸ್ಪ್ರಿಂಗು ಬಿರುಸಾದಷ್ಟೂ ಪಿಸ್ಟನ್ ಮುಂದೆ ಹೋಗಿ ಬಡಿಯುವ ಏಟೂ ಬಿರುಸು. ಪೆಲೆಟ್ ನಳಿಗೆ ಬಿಡುವ ಮೊದಲೇ ಬಂದೂಕು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಜಿಗಿಯುತ್ತದೆ, ಗುರಿ ಚದುರುತ್ತದೆ. ಸ್ಕ್ರೂಗಳು ಸಡಿಲಾಗುತ್ತವೆ, ಮರ ಬಿರುಕು ಬಿಡುತ್ತದೆ. ನನ್ನ ಬಂದೂಕಿನ ಹಿಡಿ ಬಿರಿದದ್ದೂ ಹಾಗೆಯೇ ಇರಬೇಕು. ಕೊಳವೆಯೊಳಗೆ ಮಸಿ ಕಟ್ಟಿದ್ದನ್ನು ತೋರಿಸಿ, ಯಾರೋ ‘ಫೋರ್ಸಿಗೆ’ ಎಂದು ಎಣ್ಣೆ ಸುರಿದಿದ್ದಾರೆ ಎಂದರು. ಹಿಂಡಿದ ಗಾಳಿ ಕಾದು ಆ ಎಣ್ಣೆ ಡೀಸೆಲ್ ಎಂಜಿನ್ನಿನಂತೆ ಹತ್ತಿಕೊಳ್ಳುತ್ತದೆ. ಢಂ ಎಂಬ ಸದ್ದು, ಹೊಗೆ, ಹೊಡೆಯುವವನಿಗೆ ಖುಷಿ. ಒಳಗೆ ಸ್ಪ್ರಿಂಗು, ವಾಷರು ಎರಡೂ ಹಾಳು.

ಬೀಚಿನ ಬಂದೂಕು ಗುರಿ ತಪ್ಪುವುದು ಅಂಗಡಿಯವರ ಮೋಸ ಎಂದೇ ನಾನು ಅಲ್ಲಿಯತನಕ ನಂಬಿದ್ದೆ. ಅಯ್ಯಾ ನಳಿಗೆಯ ಕೀಲನ್ನು ಅಲುಗಾಡಿಸಿ ತೋರಿಸಿದರು, ಕೂದಲೆಳೆಯಷ್ಟು ಆಚೀಚೆ. ದಿನಕ್ಕೆ ನೂರಾರು ಸಲ ಬಗ್ಗಿಸಿದರೆ ಯಾವ ಕೀಲು ಸವೆಯದೆ ಉಳಿದೀತು? ಬಲೂನು ದೊಡ್ಡದು, ಹಾಗಾಗಿ ಅಂಗಡಿ ನಡೆಯುತ್ತದೆ.

ಬಲವೋ ನೇರವೋ ಎಂಬ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. ಕಾರಣ ಒಂದು ಹಕ್ಕಿ.

ಹನ್ನೊಂದನೇ ವಯಸ್ಸಿನಲ್ಲಿ, ಮಾವನ ಡಯಾನಾ ಹಿಡಿದು, ಕೊಟ್ಟಿಗೆಯ ಮಾಡಿನ ಮೇಲೆ ಕೂತು ಬೆಳಗಿನ ಹೊತ್ತು ಹಾಡುತ್ತಿದ್ದ ಮಡಿವಾಳ ಹಕ್ಕಿಗೆ ಹೊಡೆದಿದ್ದೆ. ತಾಗುತ್ತದೆ ಎಂದು ತಿಳಿದಿರಲಿಲ್ಲ. ಅದುವರೆಗೆ ಯಾವುದೂ ತಾಗಿರಲಿಲ್ಲ. ಕೆಳಗೆ ಬಿದ್ದದ್ದನ್ನು ಎತ್ತಿಕೊಂಡಾಗ ಇನ್ನೂ ಬಿಸಿಯಿತ್ತು, ತೂಕವೇ ಇರಲಿಲ್ಲ. ಮಾವ ಬೆನ್ನು ತಟ್ಟಿದರು. ಅಜ್ಜಿ ಅವತ್ತು ನನಗೆ ತಿಂಡಿ ಕೊಡಲಿಲ್ಲ. ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಇಂಥದ್ದೇ ಒಂದು ಹಕ್ಕಿ ಭಾರತದ ಪಕ್ಷಿಶಾಸ್ತ್ರದ ಬಾಗಿಲು ತೆರೆಯಿತು. 1896ರಲ್ಲಿ ಹುಟ್ಟಿದ ಸಲೀಂ ಅಲಿ ಹತ್ತು ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದರು. ಅದರ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ತಿನ್ನಬಹುದೋ ಬಾರದೋ ಎಂಬ ಅನುಮಾನ ಬಂದು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರಿಗೆ ತೋರಿಸಿದರೆ, ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರ ಬಳಿಗೆ ಕಳಿಸಿದರು. ಮಿಲ್ಲಾರ್ಡ್ ಬೈಯಲಿಲ್ಲ. ಹಕ್ಕಿಯ ಹೆಸರು ಹೇಳಿ, ಕಪಾಟು ತೆರೆದು, ತುಂಬಿಟ್ಟ ಹಕ್ಕಿಗಳನ್ನು ಒಂದೊಂದಾಗಿ ತೋರಿಸಿದರು. 1985ರಲ್ಲಿ ಬಂದ ಸಲೀಂ ಅಲಿಯವರ ಆತ್ಮಕಥೆಯ ಹೆಸರಿನಲ್ಲೇ ಆ ಗುಬ್ಬಿ ಬೀಳುತ್ತದೆ. ಮುಂದೆ ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರೂ ಅವರೇ. ಆ ಕಾಲದ ಪಕ್ಷಿಶಾಸ್ತ್ರ ಬಂದೂಕಿನಿಂದಲೇ ನಡೆಯುತ್ತಿತ್ತು ಎಂಬುದನ್ನೂ ಮರೆಯುವಂತಿಲ್ಲ.

ನಾನು ಹೊಡೆದ ಮಡಿವಾಳ ಯಾವ ಬಾಗಿಲನ್ನೂ ತೆರೆಯಲಿಲ್ಲ. ಲೈಸೆನ್ಸ್ ಬೇಡದ ಬಂದೂಕಿನಲ್ಲಿ ಹೊಡೆದ ಮಾತ್ರಕ್ಕೆ ಅದು ಬೇಟೆಯಲ್ಲ ಎಂದಾಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಅದು ಅಪರಾಧವೇ. ತೋಟದ ಮಂಗಕ್ಕೂ ಇದೇ ಮಾತು. ಮಾವ ಹೆದರಿಸಲು ಮಾತ್ರ ಎನ್ನುತ್ತಾರೆ, ಹೆದರಿಸಲು ಬಿರುಸು ಸ್ಪ್ರಿಂಗು ಏಕೆ ಬೇಕು ಎಂದರೆ ಉತ್ತರವಿಲ್ಲ. ಅವರ ಕಷ್ಟ ಸುಳ್ಳಲ್ಲ, ಎಳನೀರು, ಬಾಳೆ, ಏಲಕ್ಕಿ ಯಾವುದೂ ಉಳಿಯುತ್ತಿಲ್ಲ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಸರ್ಕಾರವೇ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುಮಾಡಿದಾಗ ಜನ ತಾವಾಗಿ ತಂದು ಒಪ್ಪಿಸಿದ ಬಂದೂಕುಗಳ ಲೆಕ್ಕ ಎರಡು ಸಾವಿರ ದಾಟಿತು. ಅಲ್ಲಿನ ಕಾಡುಗಳು ಸದ್ದಿಲ್ಲದೆ ಖಾಲಿಯಾಗುತ್ತಿದ್ದುದಕ್ಕೆ ಈ ಅಗ್ಗದ ಬಂದೂಕೂ ಒಂದು ಕಾರಣ ಎಂದು ಒಪ್ಪಿಕೊಂಡಂತಾಯಿತು. ಒಂದು ಇಂಚು ಹಲಗೆ ತೂರದ ಗುಂಡು ಹಕ್ಕಿಯನ್ನು ತೂರುತ್ತದೆ. ಅಳತೆಗೆ ಹಲಗೆಯನ್ನು ಆರಿಸಿದವರು ಮನುಷ್ಯರ ಸುರಕ್ಷತೆಯನ್ನು ಮಾತ್ರ ನೋಡಿದ್ದರು ಎನಿಸುತ್ತದೆ.

“ನೇರ” ಎಂದೆ ಅಯ್ಯಾಗೆ.

ಮುಂದಿನದೆಲ್ಲ ಸಣ್ಣ ಸಣ್ಣ ಕೆಲಸ. ಹೊಸ ಸ್ಪ್ರಿಂಗನ್ನು ಹಳೆಯದರ ಮೂಲ ಉದ್ದಕ್ಕೇ ಕತ್ತರಿಸಿ, ತುದಿ ಕಾಯಿಸಿ ಮಟ್ಟಸ ಮಾಡಿ, ಅಂಚು ಉಜ್ಜಿದರು. ಸ್ಪ್ರಿಂಗು ಪಿಸ್ಟನ್ನಿನೊಳಗೆ ಸಡಿಲವಾಗಿ ಕುಣಿದರೆ ಹೊಡೆದಾಗಲೆಲ್ಲ ಟಿಂಯ್ ಎಂದು ನಡುಗುತ್ತದೆ. ಅದಕ್ಕೆ ತಂಪು ಪಾನೀಯದ ಖಾಲಿ ಡಬ್ಬ ಕತ್ತರಿಸಿ, ಆ ತೆಳು ತಗಡನ್ನು ಸುರುಳಿ ಮಾಡಿ ಒಳಗೆ ತೊಡಿಸಿದರು. ಖರ್ಚು ಸೊನ್ನೆ, ಆದರೆ ಇಡೀ ರಿಪೇರಿಯಲ್ಲಿ ಹೆಚ್ಚು ವ್ಯತ್ಯಾಸ ಮಾಡಿದ್ದು ಇದೇ. ಮಾಲಿಬ್ಡಿನಮ್ ಗ್ರೀಸನ್ನು ಬೆರಳ ತುದಿಯಷ್ಟು ಮಾತ್ರ ಹಚ್ಚಿದರು, ವಾಷರಿನ ಮುಂದಕ್ಕೆ ಒಂದಿಷ್ಟೂ ಹೋಗದಂತೆ. ಕೀಲಿಗೆ ತೆಳುವಾದ ಹೊಸ ವಾಷರು. ನಳಿಗೆ ಕೂಡುವ ಜಾಗಕ್ಕೆ ಪ್ಲಂಬಿಂಗ್ ಅಂಗಡಿಯ ಓ-ರಿಂಗು. ನಳಿಗೆಯೊಳಗಿನ ಸುರುಳಿ ಗೆರೆಗಳಲ್ಲಿ ಸೀಸ ಮೆತ್ತಿಕೊಂಡಿತ್ತು. ಮೀನಿನ ಗಾಳದ ದಾರಕ್ಕೆ ಬಟ್ಟೆ ಕಟ್ಟಿ ಹತ್ತಾರು ಸಲ ಎಳೆದೆ. ಮರದ ಬಿರುಕಿಗೆ ಅಂಟು ತುಂಬಿ, ತಂತಿ ಬಿಚ್ಚಿ, ಒಂದು ವಾರ ದಿನಾ ರಾತ್ರಿ ಆಫೀಸಿನಿಂದ ಬಂದು ಅಗಸೆ ಎಣ್ಣೆ ತಿಕ್ಕಿದೆ. ಅದು ಯಾವ ಮರ ಎಂದು ಅಷ್ಟರಲ್ಲಿ ಗೊತ್ತಾಗತೊಡಗಿತ್ತು. ಸ್ಪ್ರಿಂಗಿಗೆ ಇನ್ನೂರೈವತ್ತು, ಲೇತ್ ಕೂಲಿ ನಾನೂರು, ಉಳಿದ ಸಾಮಾನೆಲ್ಲ ಸೇರಿ ಇನ್ನೂರರೊಳಗೆ. ಬಂದೂಕಿನ ಬೆಲೆಯೂ ಸೇರಿ ಸಾವಿರದ ಐನೂರು ದಾಟಲಿಲ್ಲ. ಅಯ್ಯಾ ಕೂಲಿ ಕಡಿಮೆ ಹೇಳಿದ್ದರು, ನಾನು ಚೌಕಾಸಿ ಮಾಡಿದೆ ಎಂದು ಈಗ ನಾಚಿಕೆಯಾಗುತ್ತದೆ.

ಬಿಚ್ಚುವ ಮೊದಲು ಮೊಬೈಲಿನ ಆ್ಯಪ್ ಒಂದರಲ್ಲಿ ವೇಗ ನೋಡಿದ್ದೆ. ಹೊಡೆದ ಸದ್ದಿಗೂ ತಾಗಿದ ಸದ್ದಿಗೂ ನಡುವಿನ ಸಮಯ ಅಳೆದು ಲೆಕ್ಕ ಹಾಕುವ ಆ್ಯಪ್. ಆಗ ಸೆಕೆಂಡಿಗೆ 95 ಮೀಟರ್ ಬಂದಿತ್ತು. ಈಗ 160. ಅಂದರೆ ಆರೂವರೆ ಜೂಲಿನ ಹತ್ತಿರ, ಕಾನೂನಿನ ಗಡಿಯ ಮೂರನೇ ಒಂದು ಭಾಗ. ಮನೆಯ ಉದ್ದನೆಯ ಓಣಿಯ ಕೊನೆಯಲ್ಲಿ, ಹಳೆಯ ತಮಿಳು ಪತ್ರಿಕೆಗಳನ್ನು ಬಿಗಿಯಾಗಿ ತುಂಬಿದ ರಟ್ಟಿನ ಪೆಟ್ಟಿಗೆ, ಅದರ ಹಿಂದೆ ಗೋಡೆಗೆ ದಪ್ಪ ಹಲಗೆ. ಎಂಟು ಮೀಟರ್ ದೂರ, ಬಾಗಿಲು ಭದ್ರ, ಕಣ್ಣಿಗೆ ಕನ್ನಡಕ. ಮೊದಲ ದಿನ ಗುಂಡುಗಳು ಅಂಗೈಯಗಲ ಚದುರಿದವು. ಬಂದೂಕನ್ನು ಬಿಗಿಹಿಡಿದು ಭುಜಕ್ಕೆ ಅದುಮಿದ್ದೆ. ಸ್ಪ್ರಿಂಗಿನ ಬಂದೂಕನ್ನು ಹಾಗೆ ಹಿಡಿಯಬಾರದಂತೆ, ಎಡ ಅಂಗೈಯ ಮೇಲೆ ಸುಮ್ಮನೆ ಮಲಗಿಸಬೇಕು, ಅದಕ್ಕೆ ಬೇಕಾದಂತೆ ಜಿಗಿಯಲು ಬಿಡಬೇಕು. ಪ್ರತಿ ಸಲವೂ ಒಂದೇ ರೀತಿ ಜಿಗಿದರೆ ಸಾಕು. ವಾರದ ಕೊನೆಗೆ ಐದರಲ್ಲಿ ಐದೂ ಒಂದು ಹತ್ತು ರೂಪಾಯಿ ನಾಣ್ಯದ ಅಡಿ ಮುಚ್ಚಿಹೋದವು. ಓನರಮ್ಮನ ಮೊಮ್ಮಗ ಪೆಟ್ಟಿಗೆಗೆ ಬಲೂನು ಕಟ್ಟಿ ತಾನೂ ಹೊಡೆಯುತ್ತೇನೆ ಎಂದು ಹಟ ಹಿಡಿದ. ಬಲೂನು ಕಟ್ಟುವ ಕೆಲಸ ಮಾತ್ರ ಅವನಿಗೆ ಕೊಟ್ಟೆ.

ಆ ರಾತ್ರಿ ಮಾವನ ಫೋನು ಬಂತು.

“ಆಯ್ತೇನಾ ರಿಪೇರಿ?”

“ಆಯ್ತು ಮಾವ. ಚೆನ್ನಾಗಾಗಿದೆ.”

“ಜೋರು ಹೇಗಿದೆ?”

“ನೂರರವತ್ತು.”

“ನೂರರವತ್ತು ಅಂದ್ರೆ?”

“ಬಲೂನು ಒಡೆಯುತ್ತೆ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ತೋಟದ ಜೀರುಂಡೆಗಳ ಸದ್ದು ಮಾತ್ರ ಕೇಳುತ್ತಿತ್ತು.

“ಅಷ್ಟೇನಾ?”

“ಅಷ್ಟೇ ಮಾವ.”